ಆಲೂಗಡ್ಡೆಯೋ, ಚಕ್ಕೋತವೋ? ಬೆರ್ಚಪ್ಪನ ಮುಂದೆ ನಡೆದ ಪರೀಕ್ಷೆ

ಜಗಳ ಶುರುವಾಗಿದ್ದು ಅಕ್ಕನ ಮಗಳ ಒಂದು ಪ್ರಶ್ನೆಯಿಂದ. ಕಳೆದ ದಸರಾ, ಆಯುಧ ಪೂಜೆಯ ಬೆಳಿಗ್ಗೆ. ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಆ ದಿನ ಎಲ್ಲ ಸಾಮಾನೂ ಅಂಗಳಕ್ಕೆ ಬರುತ್ತದೆ. ಕತ್ತಿ, ಗುದ್ದಲಿ, ಹಾರೆ, ಗರಗಸ, ಮೆಣಸು ಕುಯ್ಯುವ ಏಣಿ, ಔಷಧಿ ಹೊಡೆಯುವ ಪಂಪು, ದೊಡ್ಡಪ್ಪನ ಕೋವಿ, ಹಳೇ ಜೀಪು. ಎಲ್ಲಕ್ಕೂ ಅರಿಶಿನ, ಕುಂಕುಮ, ಚೆಂಡು ಹೂವು. ಕೊನೆಗೆ ಜೀಪಿನ ಮುಂದೆ ಒಂದು ಬೂದುಗುಂಬಳ. ಅದರ ನೆತ್ತಿ ಕೊರೆದು, ಕುಂಕುಮ ತುಂಬಿ, ನಿವಾಳಿಸಿ ನೆಲಕ್ಕೆ ಅಪ್ಪಳಿಸುತ್ತೇವೆ.

"ಮಾವ, ಕುಂಬಳಕಾಯೂ ಆಯುಧನಾ?" ಎಂದಳು. ಏಳು ವರ್ಷ ಅವಳಿಗೆ.

ನಾನು ಬಾಯಿ ತೆರೆಯುವ ಮೊದಲೇ ಭಾವ ಉತ್ತರ ಕೊಟ್ಟರು. "ಕುಂಬಳಕಾಯಿ ಎಲ್ಲಿ ಆಯುಧನಮ್ಮ? ಆಯುಧ ಅಂದ್ರೆ ಆಲೂಗಡ್ಡೆ."

ಭಾವನ ಊರು ಹಾಸನದ ಹತ್ತಿರ. ಆಲೂಗಡ್ಡೆ ಬೆಳೆಗಾರರು. ಹಬ್ಬಕ್ಕೆ ಬರುವಾಗ ಒಂದು ಮೂಟೆ ಆಲೂಗಡ್ಡೆ ತಂದಿದ್ದರು. ನಮ್ಮ ಹಿತ್ತಿಲಲ್ಲಿ ಚಕ್ಕೋತದ ಮರ ಇದೆ, ಅಜ್ಜ ನೆಟ್ಟಿದ್ದು. ನಾನು ಅದರ ಕೆಳಗೇ ಆಡಿ ಬೆಳೆದವನು. ಒಂದೊಂದು ಕಾಯಿ ಮಗುವಿನ ತಲೆಯಷ್ಟು ಇರುತ್ತದೆ. ಅಂಥ ಕಾಯಿ ಎದುರಿಗೇ ನೇತಾಡುತ್ತಿರುವಾಗ ಆಲೂಗಡ್ಡೆಯನ್ನು ಆಯುಧ ಅಂತ ಒಪ್ಪುವುದು ಹೇಗೆ? ನಾನು ಚಕ್ಕೋತದ ಕಡೆ ನಿಂತೆ. ಚಿಕ್ಕಪ್ಪ ಪಡವಲಕಾಯಿ ಎಂದರು. ಅಕ್ಕನ ಮಗ ಹಲಸು ಎಂದ. ಹಬ್ಬದ ಅಡುಗೆ ಒಲೆ ಮೇಲಿತ್ತು, ಆದರೂ ಅಂಗಳದಲ್ಲಿ ಹತ್ತು ಜನ ನಿಂತು ವಾದ ಮಾಡುತ್ತಿದ್ದೆವು. ಬಾಯಲ್ಲಿ ಹೇಳಿದರೆ ಮುಗಿಯುವ ವಿಷಯ ಅಲ್ಲ, ಪರೀಕ್ಷೆ ಮಾಡಿಯೇ ನೋಡೋಣ ಅಂತ ತೀರ್ಮಾನವಾಯಿತು. ದಸರಾ ರಜೆ ಇನ್ನೂ ಬಾಕಿ ಇತ್ತು.

ಅಜ್ಜಿ ಮೂರು ಷರತ್ತು ಹಾಕಿದರು. ಮನುಷ್ಯರ ಮೇಲೆ, ಪ್ರಾಣಿಗಳ ಮೇಲೆ ಏನೂ ಎಸೆಯಬಾರದು. ಸಿಲ್ವರ್ ಮರದ ಮೇಲೆ ಕೂತ ಮಂಗಗಳೂ ಇದರಲ್ಲಿ ಸೇರಿದವು. ಎರಡು, ಎಸೆದದ್ದು ಒಡೆದರೂ ಅಡುಗೆಮನೆಗೆ ವಾಪಸ್ ಬರಬೇಕು. ಮೂರು, ಗಲೀಜು ಮಾಡಿದವರೇ ತೊಳೆಯಬೇಕು.

ಮೊದಲನೇ ಷರತ್ತು ಹೇಳುವಾಗ ಅಜ್ಜಿಯ ದನಿ ಗಟ್ಟಿಯಾಗಿತ್ತು. ಯಾಕೆ ಅಂತ ನಮಗೆಲ್ಲ ಗೊತ್ತಿತ್ತು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ, ಸಿಡಿಮದ್ದು ತುಂಬಿಟ್ಟಿದ್ದ ಹಣ್ಣನ್ನು ಕಚ್ಚಿ ಒಂದು ಬಸುರಿ ಆನೆ ಸತ್ತಿತು. ಬಾಯಿ ಒಡೆದುಕೊಂಡು ನದಿಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ಹಣ್ಣನ್ನು ನಿಜವಾಗಿ ಆಯುಧ ಮಾಡಿದ್ದು ಅಂದರೆ ಅದು. ಆ ಫೋಟೋ ನೋಡಿದ ದಿನ ಅಜ್ಜಿ ಊಟ ಮಾಡಿರಲಿಲ್ಲ. ಹಾಗಾಗಿ ನಮ್ಮ ಆಟದಲ್ಲಿ ಹಣ್ಣಿನೊಳಗೆ ಏನನ್ನೂ ತುಂಬುವಂತಿಲ್ಲ, ಏನನ್ನೂ ಕಟ್ಟುವಂತಿಲ್ಲ. ಹಣ್ಣು ಹಣ್ಣಾಗಿಯೇ, ತರಕಾರಿ ತರಕಾರಿಯಾಗಿಯೇ ನಿಲ್ಲಬೇಕು.

ಗುರಿಗೆ ಒಂದು ಬೆರ್ಚಪ್ಪ ಮಾಡಿದೆವು. ಗೋಣಿಚೀಲಕ್ಕೆ ಹುಲ್ಲು ತುಂಬಿ, ಮೇಲೆ ದೊಡ್ಡಪ್ಪನ ಹರಿದ ಸ್ವೆಟರ್ ಹಾಕಿ, ತಲೆಗೆ ಖಾಲಿ ಎಣ್ಣೆ ಡಬ್ಬ ಕೂರಿಸಿದೆವು. ಡಬ್ಬ ಯಾಕೆ ಅಂದರೆ ಏಟು ಬಿದ್ದರೆ ಸದ್ದು ಬರುತ್ತದೆ, ಜೋರಾಗಿ ಬಿದ್ದರೆ ನಗ್ಗುತ್ತದೆ. ನಗ್ಗು ನೋಡಿದರೆ ಯಾರೂ ಸುಳ್ಳು ಹೇಳುವ ಹಾಗಿಲ್ಲ. ಕಾಫಿ ಕಣದ ಒಂದು ತುದಿಗೆ ಬೆರ್ಚಪ್ಪ, ಇನ್ನೊಂದು ತುದಿಗೆ ನಾವು. ನಡುವೆ 22 ಗಜ, ಕ್ರಿಕೆಟ್ ಪಿಚ್ಚಿನ ಉದ್ದ. ಅಕ್ಟೋಬರ್ ಆದ್ದರಿಂದ ಕಣ ಖಾಲಿ ಇತ್ತು, ಕುಯ್ಲು ಇನ್ನೂ ಶುರುವಾಗಿರಲಿಲ್ಲ. ದೊಡ್ಡಪ್ಪ ಕುರ್ಚಿ ಹಾಕಿಕೊಂಡು ಅಂಪೈರ್ ಆದರು.

ಪ್ರಶ್ನೆ ಕುಂಬಳಕಾಯಿಯದ್ದಾದ್ದರಿಂದ ಅದರಿಂದಲೇ ಶುರು. ಅಟ್ಟದ ಮೇಲಿಂದ ಇನ್ನೊಂದು ಬೂದುಗುಂಬಳ ಇಳಿಸಿದೆವು. ಆರೂವರೆ ಕೆಜಿ ತೂಗಿತು. ಗಂಡಸರು ಎಸೆಯುವ ಶಾಟ್‌ಪುಟ್ ಗುಂಡು 7.26 ಕೆಜಿ. ಅಂದರೆ ತೂಕದಲ್ಲಿ ಇದು ಹೆಚ್ಚು ಕಡಿಮೆ ಗುಂಡೇ. ಆದರೆ ಗುಂಡು ಅಂಗೈಯಲ್ಲಿ ಕೂರುತ್ತದೆ, ಕುಂಬಳ ಕೂರುವುದಿಲ್ಲ. ಎರಡೂ ಕೈಯಲ್ಲಿ ತಬ್ಬಿ ಹಿಡಿಯಬೇಕು. ಮೇಲಿನ ಬಿಳಿ ಬೂದಿಯೂ ಕೈಗೆ ಜಾರುತ್ತದೆ. ಅದು ಒಂದು ಥರದ ಮೇಣ. ಅದು ಇರುವುದರಿಂದಲೇ ಕುಂಬಳ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಕೂಡಿಡುವ ಆಯುಧವಾಗಿ ಇದಕ್ಕೆ ಸಮ ಇಲ್ಲ. ಎಸೆಯುವ ಆಯುಧವಾಗಿ ಮಾತ್ರ ನನ್ನ ಕೈಯಲ್ಲಿ ಆರು ಹೆಜ್ಜೆ ಹೋಯಿತು, ಭಾವನ ಕೈಯಲ್ಲಿ ಎಂಟು. ಎರಡನೇ ಸಲಕ್ಕೆ ಒಡೆಯಿತು. ಮಧ್ಯಾಹ್ನ ಮಜ್ಜಿಗೆಹುಳಿ, ಸಂಜೆಗೆ ಕಾಶಿ ಹಲ್ವ.

ಆದರೂ ಕುಂಬಳಕಾಯನ್ನು ಹಗುರವಾಗಿ ನೋಡಬೇಡಿ. ಅದು ಎಸೆದಾಗ ಅಪಾಯವಲ್ಲ, ಬಿದ್ದ ಮೇಲೆ ಅಪಾಯ. ಕೆಲವು ವರ್ಷದ ಹಿಂದೆ ಆಯುಧ ಪೂಜೆಯ ಸಂಜೆ ಪೇಟೆ ರಸ್ತೆಯಲ್ಲಿ ನನ್ನ ಬೈಕ್ ಒಂದು ಕುಂಬಳದ ಹೋಳಿನ ಮೇಲೆ ಹತ್ತಿತು. ತಿರುಳು, ನೀರು, ಕುಂಕುಮ, ಜೊತೆಗೆ ಜಜ್ಜಿದ ನಿಂಬೆಹಣ್ಣು. ಬ್ರೇಕ್ ಹಿಡಿದದ್ದಷ್ಟೇ ಗೊತ್ತು, ಆಮೇಲೆ ಮಂಡಿ ರಸ್ತೆಯಲ್ಲಿತ್ತು. ಆ ಗಾಯದ ಗುರುತು ಇನ್ನೂ ಇದೆ. ದಯವಿಟ್ಟು ಒಡೆದ ಕುಂಬಳವನ್ನು ರಸ್ತೆಯಿಂದ ಬದಿಗೆ ಎತ್ತಿ ಹಾಕಿ. ನಮ್ಮ ಮನೆಯಲ್ಲಿ ಅಂಗಳದಲ್ಲೇ ಒಡೆದು, ಅಲ್ಲೇ ಬಾಚಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ.

ಹಲಸು ಅಕ್ಟೋಬರಿನಲ್ಲಿ ಎಲ್ಲಿ ಸಿಗಬೇಕು? ಅಕ್ಕನ ಮಗನಿಗೆ ಬೇಜಾರಾಯಿತು. ಮರದಲ್ಲಿ ಬಿಡುವ ಹಣ್ಣುಗಳಲ್ಲೇ ದೊಡ್ಡದು ಅದು, ಹಾಗಾಗಿ ಅವನ ವಾದದಲ್ಲಿ ಹುರುಳಿದೆ. ಆದರೆ ಹಲಸು ಹೊಡೆಯಬೇಕಾದರೆ ಶತ್ರು ಮರದ ಕೆಳಗೇ ಬಂದು ನಿಲ್ಲಬೇಕು. ಇನ್ನೊಂದು, ಹಲಸು ಶತ್ರುವನ್ನು ಓಡಿಸುವುದಿಲ್ಲ, ಕರೆಯುತ್ತದೆ. ಸಕಲೇಶಪುರ, ಆಲೂರು ಕಡೆ ತೋಟದವರನ್ನು ಕೇಳಿ. ಹಣ್ಣು ಮಾಗಿದ ವಾಸನೆಗೇ ಆನೆ ಬರುತ್ತದೆ, ಬರುವ ದಾರಿಯಲ್ಲಿ ಕಾಫಿ ಗಿಡ ಮುರಿಯುತ್ತದೆ. ಮೇಣ ಮಾತ್ರ ಒಳ್ಳೆ ಅಸ್ತ್ರ. ಕೈಗೆ ಅಂಟಿದರೆ ಕೊಬ್ಬರಿ ಎಣ್ಣೆ ಇಲ್ಲದೆ ಬಿಡುವುದಿಲ್ಲ.

ತೆಂಗಿನಕಾಯಿಯನ್ನು ದೊಡ್ಡಪ್ಪ ಒಂದೇ ಮಾತಿನಲ್ಲಿ ಹೊರಗಿಟ್ಟರು. "ಅದು ಕಲ್ಲು ಹೊಡೆದ ಹಾಗೆ. ಪರೀಕ್ಷೆ ಏನು ಬಂತು?" ಸರಿಯಾದ ಮಾತು. ತೆಂಗಿನಕಾಯಿಗೆ ಅದರದ್ದೇ ಅಖಾಡ ಇದೆ. ಚಾರ್ಮಾಡಿ ಘಾಟಿ ಇಳಿದರೆ ತುಳುನಾಡಿನಲ್ಲಿ ಕಾಯಿ ಕುಟ್ಟುವ ಆಟ ಆಡುತ್ತಾರೆ. ಒಬ್ಬ ಹಿಡಿದ ಕಾಯಿಗೆ ಇನ್ನೊಬ್ಬ ತನ್ನ ಕಾಯಿಯಿಂದ ಕುಟ್ಟುತ್ತಾನೆ, ಯಾರದ್ದು ಒಡೆಯಿತೋ ಅವರು ಸೋತರು. ಕೊಡಗಿನ ಕೈಲ್ ಮುಹೂರ್ತದಲ್ಲಿ ಕಾಯನ್ನು ಎತ್ತರದ ಮರಕ್ಕೆ ಕಟ್ಟಿ ಕೋವಿಯಿಂದ ಹೊಡೆಯುತ್ತಾರೆ. ಅಲ್ಲಿ ಕಾಯಿ ಆಯುಧ ಅಲ್ಲ, ಗುರಿ.

ಇನ್ನು ಕತ್ತಿಗಳು. ಚಿಕ್ಕಪ್ಪ ಮೂರಡಿ ಉದ್ದದ ಪಡವಲಕಾಯಿ ಹಿಡಿದು ನಿಂತಾಗ ನೋಡಲು ಚೆನ್ನಾಗಿತ್ತು. ಬಿಳಿ ಗೆರೆಯ ಹಸಿರು ಕತ್ತಿ. ಮೊದಲ ಏಟಿಗೇ ಎರಡು ತುಂಡು. ತುದಿ ಹಾರಿ ದೊಡ್ಡಪ್ಪನ ಕುರ್ಚಿ ಹತ್ತಿರ ಬಿತ್ತು. ಚಿಕ್ಕಪ್ಪ ಸೋಲು ಒಪ್ಪಲಿಲ್ಲ. ಕಾಯಿ ಡೊಂಕಾಗದೆ ನೇರ ಬೆಳೆಯಲಿ ಅಂತ ಚಪ್ಪರದಲ್ಲಿ ಅದರ ತುದಿಗೆ ಕಲ್ಲು ಕಟ್ಟುತ್ತಾರಲ್ಲ, ಆ ಕಲ್ಲಿನ ಸಮೇತ ಬೀಸಿದರೆ ನೋಡಿ ಆಗ ಎಂದರು. ಖಂಡಿತ ಡಬ್ಬ ನಗ್ಗುತ್ತಿತ್ತು. ಆದರೆ ಅದು ಕಲ್ಲಿನ ಕೆಲಸ, ಪಡವಲದ್ದಲ್ಲ. ಏನನ್ನೂ ಕಟ್ಟುವಂತಿಲ್ಲ ಅಂತ ಮೊದಲೇ ಮಾತಾಗಿತ್ತಲ್ವಾ?

ನುಗ್ಗೆಕಾಯಿ ಇದಕ್ಕಿಂತ ವಾಸಿ. ಎಳೆಯದಾದರೆ ಬಳುಕುತ್ತದೆ, ಬೀಸಿದರೆ ಸುಂಯ್ ಅನ್ನುತ್ತದೆ. ಬೆತ್ತದ ಏಟಿನ ನೆನಪು ಬರುವಷ್ಟು ಸದ್ದು. ಬೆರ್ಚಪ್ಪನ ಸ್ವೆಟರಿನ ಮೇಲೆ ಐದು ಏಟು ತಡೆಯಿತು, ಆರನೆಯದಕ್ಕೆ ಸಿಗಿದು ನಾರು ಬಿಟ್ಟುಕೊಂಡಿತು. ಮಾರನೇ ದಿನ ಸಾಂಬಾರಿನಲ್ಲಿ ಆ ಏಟು ತಿಂದ ನುಗ್ಗೆ ಬೇಗ ಬೆಂದಿತ್ತು ಅಂತ ಅಕ್ಕ ಹೇಳಿದಳು.

ಕೈಯಲ್ಲಿ ಹಿಡಿದು ಹೊಡೆಯುವುದರಲ್ಲಿ ಗೆದ್ದದ್ದು ಯಾರೂ ಎಣಿಸದ ಸೋರೆಕಾಯಿ. ಉದ್ದ ಸೋರೆ ಅಲ್ಲ, ಕುತ್ತಿಗೆ ಸಣ್ಣಗಿದ್ದು ಕೆಳಗೆ ದಪ್ಪ ಇರುವ ಜಾತಿ. ಕುತ್ತಿಗೆ ಹಿಡಿದರೆ ಅದೇ ಹಿಡಿ, ಕೆಳಗಿನ ಭಾರವೇ ಗದೆ. ಭೀಮನ ಕೈಗೆ ಕೊಟ್ಟರೂ ಒಪ್ಪುತ್ತದೆ. ಒಂದೇ ಏಟಿಗೆ ಡಬ್ಬ ಕೆಳಗೆ ಬಿತ್ತು. ಕಾಯಿಗೆ ಸಣ್ಣ ಬಿರುಕು ಅಷ್ಟೇ. ಸೋರೆಕಾಯಿ ವಿಷಯದಲ್ಲಿ ಇನ್ನೊಂದು ಮಾತು ಗಂಭೀರವಾಗಿಯೇ ಹೇಳಬೇಕು. ಮೆತ್ತಗೆ ಕಾಣುವ ಈ ಕಾಯಿ ಕೆಲವೊಮ್ಮೆ ಕಹಿಯಾಗಿರುತ್ತದೆ. ಆ ಕಹಿ ವಿಷ. ಕಹಿ ಸೋರೆಯ ರಸವನ್ನು ಆರೋಗ್ಯಕ್ಕೆ ಒಳ್ಳೆಯದು ಅಂತ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಎಸೆದುಬಿಡಿ. ನಮ್ಮ ಅಜ್ಜಿ ಇದನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಕಾಫಿ ಕುಡಿದ ಮೇಲೆ ನಿಜವಾದ ಪಂದ್ಯ. ಚಕ್ಕೋತ ಮತ್ತು ಆಲೂಗಡ್ಡೆ. ಚಿಕ್ಕಮಗಳೂರು ಮತ್ತು ಹಾಸನ.

ನಾನು ಆರು ಚಕ್ಕೋತ ಆರಿಸಿದೆ. ಚಿಕ್ಕದೇ ಒಂದು ಕೆಜಿ ಮೇಲಿತ್ತು. ನಿಂಬೆ, ಕಿತ್ತಳೆಯ ಬಳಗದಲ್ಲಿ ಇದಕ್ಕಿಂತ ದೊಡ್ಡ ಹಣ್ಣಿಲ್ಲ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತು ಸಿಕ್ಕಿ ಹೆಸರಾಗಿದೆ. ನಮ್ಮ ಹಿತ್ತಿಲಿನದ್ದು ಅಷ್ಟು ಸಿಹಿ ಇಲ್ಲ, ಉಪ್ಪು ಖಾರ ಹಚ್ಚಿಯೇ ತಿನ್ನಬೇಕು. ಆದರೆ ಗಾತ್ರದಲ್ಲಿ ಯಾರಿಗೂ ಕಡಿಮೆ ಇಲ್ಲ. ಮೊದಲನೆಯದನ್ನು ಎಸೆದೆ. ಬೆರ್ಚಪ್ಪನಿಗೆ ನಾಲ್ಕು ಹೆಜ್ಜೆ ಮೊದಲೇ ಬಿದ್ದು ಉರುಳಿತು. ಎರಡನೆಯದೂ ಹಾಗೇ. ಒಂದು ಕೆಜಿಯ ಉಂಡೆಯನ್ನು 22 ಗಜ ಎಸೆದು ನೋಡಿದವರಿಗೆ ಹೆಗಲು ಏನಾಗುತ್ತದೆ ಅಂತ ಗೊತ್ತಿರುತ್ತದೆ. ಆರರಲ್ಲಿ ಎರಡು ತಾಗಿದವು. ಒಂದು ಹೊಟ್ಟೆಗೆ, ಒಂದು ಡಬ್ಬಕ್ಕೆ. ಡಬ್ಬ ಒಮ್ಮೆ ಡಂ ಎಂದು ಅಲ್ಲಾಡಿತು. ಓಡಿ ಹೋಗಿ ನೋಡಿದೆ. ನಗ್ಗೇ ಇಲ್ಲ! ಕಾಯಿಯೂ ಒಡೆದಿರಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು.

ಭಾವ ಆಲೂಗಡ್ಡೆ ಎಣಿಸಿ ಇಪ್ಪತ್ತು ತೆಗೆದರು. ಕಾಳುಮೆಣಸು ತೂಗುವ ಸಣ್ಣ ತಕ್ಕಡಿಯಲ್ಲಿ ಒಂದೊಂದನ್ನೂ ಇಟ್ಟು ನೋಡಿ, 150 ಗ್ರಾಂ ಆಸುಪಾಸಿನ ದುಂಡನೆಯದ್ದನ್ನೇ ಆರಿಸಿದರು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಆಮೇಲೆ ಹೇಳಿದರು. ಕ್ರಿಕೆಟ್ ಚೆಂಡಿನ ತೂಕ 156ರಿಂದ 163 ಗ್ರಾಂ. ಮನುಷ್ಯನ ತೋಳಿಗೆ ದೂರಕ್ಕೂ ಗುರಿಗೂ ಒಗ್ಗುವ ತೂಕ ಅದು. ಒಂದು ಮಧ್ಯಮ ಆಲೂಗಡ್ಡೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಕೈಗೆ ಸಿಕ್ಕ ಮಣ್ಣು ಹಿಡಿತವನ್ನೂ ಕೊಡುತ್ತದೆ.

ಇಪ್ಪತ್ತರಲ್ಲಿ ಹದಿಮೂರು ತಾಗಿದವು. ಡಬ್ಬದ ಮೇಲೆ ಐದು ನಗ್ಗು, ಒಂದರಲ್ಲಿ ನನ್ನ ಹೆಬ್ಬೆರಳು ಕೂರುವಷ್ಟು ಆಳ. ಆಲೂಗಡ್ಡೆಗಳಿಗೆ ಸಿಪ್ಪೆ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನಾನೂ ಎಸೆದು ನೋಡಿದೆ. ಹತ್ತರಲ್ಲಿ ಐದು ತಾಗಿದವು. ಅದೇ ಕೈ, ಅದೇ ದೂರ. ಇನ್ನು ವಾದ ಮಾಡಲು ಏನಿದೆ?

ಯುದ್ಧದಲ್ಲೂ ಆಲೂಗಡ್ಡೆಯ ಹೆಸರಿದೆ. 1943ರ ಏಪ್ರಿಲ್‌ನಲ್ಲಿ ಅಮೆರಿಕದ ಓಬ್ಯಾನನ್ ಎಂಬ ಯುದ್ಧನೌಕೆ ಜಪಾನಿನ ಒಂದು ಸಬ್‌ಮೆರಿನ್ನಿನ ಪಕ್ಕಕ್ಕೇ ಬಂದುಬಿಟ್ಟಿತಂತೆ. ಫಿರಂಗಿ ಬಗ್ಗಿಸಲು ಆಗದಷ್ಟು ಹತ್ತಿರ. ಆಗ ನಾವಿಕರು ಕೈಗೆ ಸಿಕ್ಕ ಆಲೂಗಡ್ಡೆ ಎಸೆದರು, ಜಪಾನಿಯರು ಅದನ್ನು ಕೈಬಾಂಬ್ ಅಂತ ತಿಳಿದು ಗಾಬರಿಯಾದರು ಅಂತ ಕಥೆ. ಅಮೆರಿಕದ ಮೇನ್ ರಾಜ್ಯದ ಆಲೂಗಡ್ಡೆ ಬೆಳೆಗಾರರು ಇದಕ್ಕಾಗಿ ನೌಕೆಗೆ ಒಂದು ಫಲಕವನ್ನೂ ಕೊಟ್ಟರು. ಆದರೆ ಆ ನೌಕೆಯ ಕ್ಯಾಪ್ಟನ್ನೇ ಆಮೇಲೆ, ಆಲೂಗಡ್ಡೆ ಎಸೆಯುವಷ್ಟು ಹತ್ತಿರ ನಾವಿರಲಿಲ್ಲ ಎಂದಿದ್ದಾರೆ. ಇದನ್ನು ಹೇಳಿದಾಗ ಭಾವ ಕೇಳಿದ್ದು ಒಂದೇ. "ಎಷ್ಟು ಗಜ ಇತ್ತಂತೆ?"

ಚಕ್ಕೋತದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಗಿಯಲು ನಾನು ಬಿಡಲಿಲ್ಲ. ಅಷ್ಟು ಭಾರದ ಕಾಯಿ ಬಡಿದರೂ ಡಬ್ಬ ಯಾಕೆ ನಗ್ಗಲಿಲ್ಲ? ಒಂದನ್ನು ಕೊಯ್ದು ನೋಡಿದೆವು. ಸಿಪ್ಪೆಯ ಒಳಗೆ ಒಂದು ಬೆರಳು ದಪ್ಪದ ಬಿಳಿ ಪದರ. ಸ್ಪಂಜಿನ ಹಾಗೆ, ಒತ್ತಿದರೆ ಒಳಗೆ ಹೋಗುತ್ತದೆ. ಏಟಿನ ಬಲವನ್ನೆಲ್ಲ ಅದೇ ಕುಡಿದುಬಿಡುತ್ತದೆ. ಮರದ ಅಷ್ಟೆತ್ತರದಿಂದ ಬಿದ್ದರೂ ಚಕ್ಕೋತ ಒಡೆಯದಿರುವುದು ಇದರಿಂದಲೇ. ಜರ್ಮನಿಯಲ್ಲಿ ವಿಜ್ಞಾನಿಗಳು ಈ ಸಿಪ್ಪೆಯನ್ನೇ ಕೂತು ಅಭ್ಯಾಸ ಮಾಡಿದ್ದಾರೆ, ಏಟು ತಡೆಯುವ ವಸ್ತುಗಳನ್ನು ಹೀಗೆ ಮಾಡಬಹುದಾ ಅಂತ.

ಆಗ ಅಕ್ಕನ ಮಗ ಅರ್ಧ ಸಿಪ್ಪೆಯನ್ನು ಬೋಗುಣಿಯ ಹಾಗೆ ಬಿಡಿಸಿ ತಲೆಗೆ ಹಾಕಿಕೊಂಡ. ಟೋಪಿ ಸರಿಯಾಗಿ ಕೂತಿತು. ನನಗೆ ಥಟ್ಟನೆ ಹೊಳೆಯಿತು. ಅದನ್ನು ಬೆರ್ಚಪ್ಪನ ಡಬ್ಬದ ಮುಖಕ್ಕೆ ಹಗ್ಗದಿಂದ ಬಿಗಿದೆ. "ಭಾವ, ಈಗ ಎಸೀರಿ." ಭಾವ ಹತ್ತಿರ ಬಂದು, ಹತ್ತು ಹೆಜ್ಜೆ ದೂರದಿಂದ ಪೂರ್ತಿ ಬಲ ಹಾಕಿ ಎಸೆದರು. ಡಪ್ ಅಂತ ಮೆತ್ತನೆ ಸದ್ದು. ಮೂರು ಏಟು ಬಿದ್ದವು. ಸಿಪ್ಪೆ ತೆಗೆದು ನೋಡಿದರೆ ಒಳಗೆ ಹೊಸ ನಗ್ಗು ಒಂದೂ ಇಲ್ಲ. ಕಣದಲ್ಲಿ ನಾನು ಕುಣಿದದ್ದು ನಿಜ. ಚಕ್ಕೋತ ಆಯುಧ ಅಲ್ಲ, ಗುರಾಣಿ. ಇಷ್ಟು ವರ್ಷ ಅದರ ಕೆಳಗೆ ಆಡಿಯೂ ನನಗೆ ಗೊತ್ತಿರಲಿಲ್ಲ.

ಟೊಮೆಟೊ ಎಸೆಯೋಣ ಅಂತ ಮಕ್ಕಳು ಕೇಳಿದರು. ಅಕ್ಕ ಕೊಡಲಿಲ್ಲ. ಸ್ಪೇನಿನ ಬುನ್ಯೋಲ್ ಎಂಬ ಊರಿನಲ್ಲಿ 1945ರಿಂದ ಶುರುವಾದ ಟೊಮೆಟೊ ಕಾಳಗ ಇದೆ, ಆಗಸ್ಟ್‌ನ ಕೊನೆಯ ಬುಧವಾರ ನಡೆಯುತ್ತದೆ. ಎಸೆಯುವ ಮೊದಲು ಹಣ್ಣನ್ನು ಕೈಯಲ್ಲಿ ಹಿಸುಕಬೇಕು, ಯಾರಿಗೂ ನೋವಾಗಬಾರದು ಅಂತ ಅಲ್ಲಿ ನಿಯಮ. ಇಟಲಿಯ ಇವ್ರೇಯಾದಲ್ಲಿ ಕಿತ್ತಳೆ ಎಸೆಯುತ್ತಾರೆ, ಅಲ್ಲಿ ಹಿಸುಕುವುದಿಲ್ಲ, ಕಣ್ಣು ಊದಿಸಿಕೊಂಡೇ ಮನೆಗೆ ಹೋಗುತ್ತಾರೆ. ಇದನ್ನೆಲ್ಲ ಹೇಳಿದರೂ ಅಕ್ಕ ಜಗ್ಗಲಿಲ್ಲ. "2023ರಲ್ಲಿ ಕೆಜಿ ನೂರು ರೂಪಾಯಿ ದಾಟಿದ್ದು ಮರೆತ್ರಾ?" ಎಂದಳು. ಭಾವ ಅವಳ ಕಡೆಯೇ ಮಾತಾಡಿದರು. ರೇಟು ಬಿದ್ದಾಗ ಬೆಳೆದವರೇ ಟೊಮೆಟೊವನ್ನು ರಸ್ತೆಗೆ ಸುರಿಯುವುದನ್ನು ಅವರು ನೋಡಿದ್ದಾರೆ. "ಅದನ್ನ ನೋಡಿದ ಮೇಲೆ ಟೊಮೆಟೊ ಎಸೆಯೋಕೆ ಕೈ ಬರಲ್ಲ ಕಣಯ್ಯ." ಟೊಮೆಟೊ ಅಲ್ಲಿಗೆ ಬಿಟ್ಟೆವು.

ಬದಲಿಗೆ ಚಿಕ್ಕಪ್ಪ ಮಕ್ಕಳಿಗೆ ಪೆಟ್ಲು ಮಾಡಿಕೊಟ್ಟರು. ಪಡವಲದಲ್ಲಿ ಸೋತದ್ದನ್ನು ಪೂರ್ತಿ ತೀರಿಸಿಕೊಂಡರು ಅನ್ನಬೇಕು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಪೆಟ್ಲು ಹೊಸದಲ್ಲ. ಬೆರಳು ದಪ್ಪದ ಬಿದಿರಿನ ಕೊಳವೆ, ಅದರೊಳಗೆ ಓಡಾಡುವ ಒಂದು ಕಡ್ಡಿ. ನಾವು ಚಿಕ್ಕವರಿದ್ದಾಗ ಬೇಲಿಯ ಹಸಿ ಕಾಯಿ ಹಾಕುತ್ತಿದ್ದೆವು. ಈ ಸಲ ಆಲೂಗಡ್ಡೆ. ಕೊಳವೆಯ ಬಾಯನ್ನು ಆಲೂಗಡ್ಡೆಗೆ ಚುಚ್ಚಿ ತಿರುಗಿಸಿದರೆ ಒಂದು ಬಿರಡೆ ಕತ್ತರಿಸಿಕೊಂಡು ಒಳಗೆ ಕೂರುತ್ತದೆ. ಅದನ್ನು ಕಡ್ಡಿಯಿಂದ ಇನ್ನೊಂದು ತುದಿಗೆ ತಳ್ಳಿ, ಮತ್ತೆ ಚುಚ್ಚಿ ಎರಡನೇ ಬಿರಡೆ ಹಾಕಬೇಕು. ಈಗ ಎರಡು ಬಿರಡೆಯ ನಡುವೆ ಗಾಳಿ ಸಿಕ್ಕಿಬಿದ್ದಿರುತ್ತದೆ. ಕಡ್ಡಿಯನ್ನು ಒಂದೇ ಏಟಿಗೆ ತಳ್ಳಿದರೆ ಗಾಳಿ ಒತ್ತಿಕೊಂಡು ಮುಂದಿನ ಬಿರಡೆ ಟಪ್ ಅಂತ ಹಾರುತ್ತದೆ. ಹಿಂದಿನದು ಮುಂದೆ ಬಂದು ಮುಂದಿನ ಗುಂಡಾಗುತ್ತದೆ. ಒಂದೇ ಆಲೂಗಡ್ಡೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಗುಂಡು. ತಾಗಿದರೂ ಬೆರ್ಚಪ್ಪನಿಗೆ ಏನೂ ಆಗುವುದಿಲ್ಲ, ಆದರೆ ಆ ಸದ್ದಿಗೆ ಮಂಗಗಳು ಮರ ಬದಲಿಸಿದವು. ಸೀಬೆಗಿಡ ಉಳಿಸಿಕೊಳ್ಳಬೇಕಾದವರು ಇದನ್ನು ಮಾಡಿ ನೋಡಬಹುದು. ಯಾವ ಪ್ರಾಣಿಗೂ ತಾಗಿಸಬೇಕಾಗಿಲ್ಲ, ಸದ್ದು ಸಾಕು.

ಸುವರ್ಣಗಡ್ಡೆ, ಕೆಸುವಿನ ಗಡ್ಡೆ ಎರಡನ್ನೂ ನಾವು ಬೇಕು ಅಂತ ಪರೀಕ್ಷೆ ಮಾಡಲಿಲ್ಲ. ಕೈಗೆ ಎಣ್ಣೆ ಹಚ್ಚದೆ ಸುವರ್ಣಗಡ್ಡೆ ಹೆಚ್ಚಲು ಕೂತ ಭಾವನೇ ಪರೀಕ್ಷೆ ಆದರು. ಗಡ್ಡೆಯೊಳಗೆ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಅವು ಚರ್ಮಕ್ಕೆ ಚುಚ್ಚಿಕೊಳ್ಳುತ್ತವೆ. ಹುಣಸೆಹಣ್ಣು ತಿಕ್ಕಿದರೂ ರಾತ್ರಿಯವರೆಗೆ ತುರಿಕೆ.

ಆದರೆ ಗೆದ್ದದ್ದು ಇದ್ಯಾವುದೂ ಅಲ್ಲ. ಅಂದು ಸಂಜೆ ಅಜ್ಜಿ, ಇಷ್ಟು ಜನ ಒಟ್ಟಿಗೆ ಸೇರಿದ್ದೀರಿ, ದೃಷ್ಟಿ ತೆಗೀತೀನಿ ಎಂದರು. ಹಿತ್ತಿಲಿನ ಒಣಗಿದ ಸೂಜಿ ಮೆಣಸು ಒಂದು ಹಿಡಿ, ಜೊತೆಗೆ ಉಪ್ಪು. ಎಲ್ಲರ ತಲೆಗೂ ಸುತ್ತಿದರು. ಯಾವಾಗಲೂ ಅಂಗಳದ ಕೆಂಡಕ್ಕೆ ಹಾಕುತ್ತಿದ್ದರು. ಆ ಹೊತ್ತಿಗೆ ಮಳೆ ಬಂತು. ಬಚ್ಚಲ ಒಲೆಗೆ ಹಾಕಿದರು. ಗಾಳಿ ಮನೆಯೊಳಕ್ಕೆ ಬೀಸುತ್ತಿತ್ತು.

ಒಂದು ನಿಮಿಷದಲ್ಲಿ ಹದಿನಾಲ್ಕು ಜನ ಮಳೆಯಲ್ಲಿ ನಿಂತಿದ್ದೆವು. ಕೆಮ್ಮು, ಸೀನು, ಕಣ್ಣಲ್ಲಿ ನೀರು. ದೊಡ್ಡಪ್ಪ ಮೂಗಿಗೆ ಟವೆಲ್ ಒತ್ತಿಕೊಂಡು ಜೀಪಿನೊಳಗೆ ಕೂತರು. ನಾಯಿ ಕಣದ ಆ ತುದಿಗೆ ಓಡಿತ್ತು. ಅಜ್ಜಿ ಕೊನೆಯದಾಗಿ ಸೆರಗು ಮುಚ್ಚಿಕೊಂಡು ಹೊರಗೆ ಬಂದು, "ಇಷ್ಟು ಘಾಟು ಬಂತಲ್ಲ, ಯಾರ ದೃಷ್ಟಿಯೂ ಬಿದ್ದಿಲ್ಲ ಬಿಡಿ" ಎಂದರು.

ಒಂದು ಹಿಡಿ ಮೆಣಸು. ಎಸೆಯಲಿಲ್ಲ, ಗುರಿ ಇಡಲಿಲ್ಲ, ತೋಳು ನೋಯಲಿಲ್ಲ. ಅದರ ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ನೀರು ಕುಡಿದರೆ ಪ್ರಯೋಜನ ಇಲ್ಲ, ಮಜ್ಜಿಗೆ, ಹಾಲು ಕುಡಿಯಬೇಕು. ಪೊಲೀಸರು ಬಳಸುವ ಪೆಪ್ಪರ್ ಸ್ಪ್ರೇ ಇದೇ ಖಾರದಿಂದ ಆದದ್ದು. ಅಸ್ಸಾಂ ಕಡೆಯ ಭೂತ್ ಜೊಲೋಕಿಯಾ ಮೆಣಸಿನಿಂದ ಗ್ರೆನೇಡ್ ಮಾಡುತ್ತಿದ್ದೇವೆ ಅಂತ ನಮ್ಮ ರಕ್ಷಣಾ ವಿಜ್ಞಾನಿಗಳು 2010ರಲ್ಲೇ ಹೇಳಿದ್ದರು. ಆಫ್ರಿಕಾದಲ್ಲಿ ರೈತರು ಮೆಣಸಿನಪುಡಿಯನ್ನು ಲದ್ದಿಯ ಜೊತೆ ಕಲಸಿ ಇಟ್ಟಿಗೆ ಮಾಡಿ ಸುಡುತ್ತಾರೆ. ಆ ಹೊಗೆಗೆ ಆನೆ ಹೊಲದ ಹತ್ತಿರ ಬರುವುದಿಲ್ಲ, ಆನೆಗೆ ಗಾಯವೂ ಆಗುವುದಿಲ್ಲ. ನನಗೆ ಮೆಣಸಿನ ಬಗ್ಗೆ ಗೌರವ ಬಂದದ್ದು ಇಲ್ಲಿ. ಹಲಸು ಆನೆಯನ್ನು ಕರೆಯುತ್ತದೆ, ಮೆಣಸು ಕೊಲ್ಲದೆ ಕಳಿಸುತ್ತದೆ. ಇನ್ನೂ ಒಂದು ಚೆಂದ ಇದೆ. ಹಕ್ಕಿಗಳಿಗೆ ಈ ಖಾರ ತಾಗುವುದೇ ಇಲ್ಲ. ಪಿಕಳಾರ ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಸೂಜಿ ಮೆಣಸಿನ ಗಿಡ. ನಮ್ಮ ಬೇಲಿಯಲ್ಲಿರುವ ಒಂದು ಗಿಡವನ್ನೂ ನಾವು ನೆಟ್ಟಿದ್ದಲ್ಲ.

ಅಕ್ಕನ ಮಗಳ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ಕುಂಬಳ, ನಿಂಬೆ, ಮೆಣಸು. ಕಣ್ಣಿಗೆ ಕಾಣದ ಶತ್ರುವಿನ ಮೇಲೆ ನಮ್ಮ ಹಿರಿಯರು ಇವನ್ನೇ ಹಿಡಿದಿದ್ದರು. "ಹೌದು ಪುಟ್ಟಿ, ಆಯುಧಾನೇ" ಎಂದೆ, ಇನ್ನೂ ಕಣ್ಣೊರೆಸಿಕೊಳ್ಳುತ್ತಾ.

ಹಾಗಾಗಿ ನನ್ನನ್ನು ಕೇಳಿದರೆ ಸೂಜಿ ಮೆಣಸಿಗೆ ಮೊದಲ ಸ್ಥಾನ. ಎಸೆತಕ್ಕೆ ಆಲೂಗಡ್ಡೆ, ಹೊಡೆತಕ್ಕೆ ಸೋರೆ, ತಡೆಯುವುದಕ್ಕೆ ಚಕ್ಕೋತ. ಭಾವ ಇದನ್ನು ಒಪ್ಪುವುದಿಲ್ಲ, ಅವರಿಗೆ ಎಲ್ಲದಕ್ಕೂ ಆಲೂಗಡ್ಡೆಯೇ.

ಭಾವನ ಬಗ್ಗೆ ಒಂದು ಹೇಳಲೇಬೇಕು. ಪಂದ್ಯ ಮುಗಿದ ಮೇಲೆ ಅವರು ಎಸೆದ ಆಲೂಗಡ್ಡೆಗಳನ್ನು ಒಂದೊಂದಾಗಿ ಹೆಕ್ಕಿದರು. ಹತ್ತೊಂಬತ್ತು ಸಿಕ್ಕವು. ಇಪ್ಪತ್ತನೆಯದು ಇಲ್ಲ. ಬಿಡಿ ಭಾವ, ಒಂದು ತಾನೇ ಎಂದೆ. ಬಿಡಲಿಲ್ಲ. ಕಣದ ಆಚೆ ಕಾಫಿ ಸಾಲಿನಲ್ಲಿ ಬಗ್ಗಿ, ತರಗೆಲೆ ಸರಿಸಿ ಹುಡುಕಿದರು. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರಿನಿಂದ ಲಾರಿಯಲ್ಲಿ ಬರುತ್ತದೆ. ಮೇ, ಜೂನ್‌ನಲ್ಲಿ ಮಳೆ ನೋಡಿ ನೆಡಬೇಕು. ಮೂರು ತಿಂಗಳ ಬೆಳೆ. ಮಳೆ ಹಿಡಿದುಕೊಂಡರೆ ಅಂಗಮಾರಿ ರೋಗ, ನಾಲ್ಕೇ ದಿನದಲ್ಲಿ ಹೊಲ ಸುಟ್ಟ ಹಾಗೆ ಆಗುತ್ತದೆ. 1845ರಲ್ಲಿ ಐರ್ಲೆಂಡಿಗೆ ಕ್ಷಾಮ ತಂದದ್ದೂ ಇದೇ ರೋಗ. ಅವರ ಹೊಲಕ್ಕೂ ಎರಡು ಸಲ ಬಂದಿದೆ. ಹುಡುಕುತ್ತಾ ಇದನ್ನೆಲ್ಲ ಹೇಳಿದರು. ಕತ್ತಲಾದ ಮೇಲೆ ಒಳಗೆ ಬಂದರು. ಸಿಕ್ಕಿರಲಿಲ್ಲ.

ಜನವರಿಯಲ್ಲಿ ರೊಬಸ್ಟಾ ಕುಯ್ಲು. ಕಣದ ಪಕ್ಕದ ಸಾಲಿನಲ್ಲಿ ಕುಯ್ಯುತ್ತಿದ್ದ ಹೆಂಗಸೊಬ್ಬರು ನನ್ನನ್ನು ಕರೆದರು. ಕಾಫಿ ಗಿಡದ ಬುಡದಲ್ಲಿ, ತರಗೆಲೆ ನಡುವೆ, ಚೋಟುದ್ದದ ಒಂದು ಆಲೂಗಡ್ಡೆ ಗಿಡ. ನಾನು ಅಲ್ಲೇ ನಿಂತು ಭಾವನಿಗೆ ಫೋನ್ ಮಾಡಿದೆ. "ಇಪ್ಪತ್ತನೆಯದು ಸಿಕ್ತು ಭಾವ, ಮೊಳಕೆ ಬಂದು ಗಿಡ ಆಗಿದೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು. "ಎಲೆ ಮೇಲೆ ಕಪ್ಪು ಚುಕ್ಕೆ ಏನಾದ್ರೂ ಇದ್ಯಾ? ಬಗ್ಗಿ ಸರಿಯಾಗಿ ನೋಡು, ಅಡೀನೂ ನೋಡು."

ಬಗ್ಗಿ ನೋಡಿದೆ. ಎಲೆ ತಿರುಗಿಸಿ ಅಡಿಯನ್ನೂ ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ.